ತಟ್ಟೆ ಒಳಗೆ ಹೋಯಿತು, ಕಡತ ಮಾತ್ರ ಕಾಣಲಿಲ್ಲ

ರಾಜಾಜಿನಗರದ ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟುವ ಮುನ್ನ ಅಟ್ಟ ಖಾಲಿ ಮಾಡಬೇಕಾಗುತ್ತದೆ. ವಿಜಯನಗರದ ಡಿಟಿಪಿ ಅಂಗಡಿ ಬಾಗಿಲು ಹಾಕುವಾಗ ಕಪಾಟು ಗುಡಿಸಬೇಕಾಗುತ್ತದೆ. ಇಂಥ ಹೊತ್ತಿನಲ್ಲಿ ಹಿತ್ತಾಳೆ ಪಾತ್ರೆ, ಹಳೆಯ ಪಂಚಾಂಗಗಳ ಜೊತೆ ಈಗೀಗ ಇನ್ನೊಂದು ವಸ್ತುವೂ ಕೆಳಗಿಳಿಯುತ್ತಿದೆ. ಬಿಸ್ಕತ್ತಿನ ಡಬ್ಬದಲ್ಲಿ ಜೋಡಿಸಿಟ್ಟ ಫ್ಲಾಪಿಗಳು, ಸಿ.ಡಿ.ಗಳು. ಅವುಗಳ ಮೇಲೆ ಮಾರ್ಕರ್ ಪೆನ್ನಿನ ಬರಹ: ‘ಸಂಘದ ಸ್ಮರಣ ಸಂಚಿಕೆ – ಫೈನಲ್’, ‘ಥೀಸಿಸ್ – ಅಧ್ಯಾಯ 1ರಿಂದ 4’, ‘ಮದುವೆ – ಭಾಗ ಎರಡು’.

ಇದನ್ನು ನೋಡಬೇಕೆಂಬ ಆಸೆ ಮನೆಯವರಿಗೆ ಸಹಜವಾಗಿ ಹುಟ್ಟುತ್ತದೆ. ಈಗಿನ ಲ್ಯಾಪ್‌ಟಾಪ್‌ಗಳಿಗೆ ಸಿ.ಡಿ. ಹಾಕುವ ಬಾಯಿಯೇ ಇಲ್ಲ. ಹೊರಗಿನಿಂದ ಜೋಡಿಸುವ ಡ್ರೈವ್ ಒಂದನ್ನು ಕೊಂಡು ತರುತ್ತಾರೆ. ಎಂಜಿನಿಯರಿಂಗ್ ಓದುವ ಮೊಮ್ಮಗ ತನ್ನ ಲಿನಕ್ಸ್ ಕಂಪ್ಯೂಟರಿಗೆ ಅದನ್ನು ಸಿಕ್ಕಿಸುತ್ತಾನೆ. ತಟ್ಟೆ ಒಳಗೆ ಹೋಗುತ್ತದೆ, ಸುಯ್ಯೆಂದು ತಿರುಗುತ್ತದೆ, ದೀಪ ಮಿನುಗುತ್ತದೆ. ಆಮೇಲೆ ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ: ‘ಮೌಂಟ್’ ಮಾಡಲಾಗಲಿಲ್ಲ. ‘ಹಾಳಾಗಿರಬೇಕು ಬಿಡು’ ಎಂದು ಯಾರೋ ಹೇಳುತ್ತಾರೆ. ಡಬ್ಬ ಹಳೇ ಸಾಮಾನಿನವನ ಗಾಡಿ ಸೇರುತ್ತದೆ.

ಆದರೆ ಹೀಗೆ ಗಾಡಿ ಸೇರಿದ ತಟ್ಟೆಗಳೆಲ್ಲ ಹಾಳಾಗಿದ್ದವೇ? ಅಲ್ಲ ಎನ್ನಲು ಸಾಕಷ್ಟು ಕಾರಣಗಳಿವೆ. ಆ ಕಾರಣಗಳನ್ನು ತಿಳಿಯಬೇಕಾದರೆ ‘ಮೌಂಟ್’ ಎಂಬ ವಿಚಿತ್ರ ಮಾತಿನ ಚರಿತ್ರೆಯನ್ನು ಸ್ವಲ್ಪ ಕೆದಕಬೇಕು.

ಎತ್ತಿ ಕೂರಿಸುವ ಕೆಲಸ

1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅವು ಯಂತ್ರದೊಳಗೇ ಭದ್ರವಾಗಿ ಕೂತಿದ್ದವು. ಅವನ್ನು ತೆಗೆಯುವ, ಹಾಕುವ ಮಾತೇ ಇರಲಿಲ್ಲ. ಆರು ವರ್ಷಗಳ ನಂತರ, 1962ರಲ್ಲಿ, ಅದೇ ಕಂಪನಿಯ 1311 ಎಂಬ ಯಂತ್ರ ಬಂದಾಗ ಚಿತ್ರ ಬದಲಾಯಿತು. 14 ಅಂಗುಲದ ಆರು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ ಕಟ್ಟನ್ನು ಹಿಡಿಕೆ ಹಿಡಿದು ಹೊರಗೆ ತೆಗೆಯಬಹುದಿತ್ತು. ಅದರ ತೂಕ ಸುಮಾರು ನಾಲ್ಕೂವರೆ ಕಿಲೋ. ಹಿಡಿಯುತ್ತಿದ್ದುದು 20 ಲಕ್ಷ ಅಕ್ಷರ. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೋಕ್ಕೂ ಅಷ್ಟು ಜಾಗ ಸಾಲದು.

ಗಣಕ ಕೇಂದ್ರದ ಆಪರೇಟರ್ ಬಾಣಲೆ ಮುಚ್ಚಳದಂಥ ಪ್ಲಾಸ್ಟಿಕ್ ಹೊದಿಕೆಯಲ್ಲಿದ್ದ ಈ ಕಟ್ಟನ್ನು ಕಪಾಟಿನಿಂದ ಎತ್ತಿ ತಂದು, ಯಂತ್ರದ ಅಕ್ಷದ ಮೇಲೆ ಕೂರಿಸಿ, ತಿರುಪು ಬಿಗಿಯಬೇಕಿತ್ತು. ‘ಮೌಂಟ್’ ಎಂದರೆ ಅಕ್ಷರಶಃ ಇದೇ. ಕೈಯಿಂದ ಮಾಡುವ, ಬೆನ್ನು ನೋಯುವ ಕೆಲಸ. ಭಾರವಾದ ತಟ್ಟೆ ಹೋಗಿ ಬೆರಳ ತುದಿಯ ಸಿ.ಡಿ. ಬಂದ ಮೇಲೂ ಮಾತು ಮಾತ್ರ ಉಳಿದುಕೊಂಡಿತು, ಗಿರಣಿಯಲ್ಲಿ ಹಿಟ್ಟು ಮಾಡಿಸಿದರೂ ‘ಬೀಸಿಸಿಕೊಂಡು ಬಂದೆ’ ಎನ್ನುವ ಹಾಗೆ.

ಒಂದೇ ಮರ, ಹಲವು ಕೊಂಬೆ

ಕೈಕೆಲಸದ ಈ ಹೆಸರು ತಂತ್ರಾಂಶದ ಹೆಸರೂ ಆಗಿ ಗಟ್ಟಿಯಾಗಿ ನೆಲೆಯೂರಿದ್ದು ಯುನಿಕ್ಸ್‌ನಲ್ಲಿ. ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಅವರು ಯಾರೂ ಹೆಚ್ಚಾಗಿ ಬಳಸದೆ ಬಿಟ್ಟಿದ್ದ ಪಿಡಿಪಿ–7 ಎಂಬ ಯಂತ್ರದ ಮೇಲೆ ಇದನ್ನು ಆರಂಭಿಸಿದರು. ಡೆನಿಸ್ ರಿಚಿ ಜೊತೆಗೂಡಿದರು. 1971ರ ನವೆಂಬರ್ 3ರ ದಿನಾಂಕ ಹೊತ್ತ ಮೊದಲ ಕೈಪಿಡಿಯಲ್ಲೇ ‘ಮೌಂಟ್’ ಮತ್ತು ‘ಯುಮೌಂಟ್’ ಎಂಬ ಎರಡು ಆಜ್ಞೆಗಳಿವೆ. ಎರಡನೆಯದು ನಿಜಕ್ಕೂ ‘ಅನ್‌ಮೌಂಟ್’ ಆಗಬೇಕಿತ್ತು. ನಡುವಿನ ಒಂದು ‘ಎನ್’ ಅಕ್ಷರ ಅಂದು ಬಿಟ್ಟುಹೋದದ್ದು ಇಂದಿಗೂ ಮರಳಿಲ್ಲ. ಹೊಸಬರು ಸರಿಯಾದ ಕಾಗುಣಿತ ಬರೆದು, ಇಂಥ ಆಜ್ಞೆಯೇ ಇಲ್ಲ ಎಂಬ ಉತ್ತರ ಪಡೆದು ತಬ್ಬಿಬ್ಬಾಗುವುದು ಐದು ದಶಕಗಳಿಂದ ನಡೆದೇ ಇದೆ. ಯುನಿಕ್ಸನ್ನು ಮತ್ತೆ ಬರೆದರೆ ಏನು ಬದಲಿಸುತ್ತೀರಿ ಎಂದು ಕೇಳಿದಾಗ, ಇಂಥದೇ ಇನ್ನೊಂದು ಮೊಟಕು ಪದಕ್ಕೆ ಬಿಟ್ಟುಹೋದ ಅಕ್ಷರ ಸೇರಿಸುತ್ತೇನೆ ಎಂದು ಥಾಂಪ್ಸನ್ ಅವರು ನಕ್ಕು ಹೇಳಿದರೆಂಬುದು ಗಣಕ ವಲಯದಲ್ಲಿ ಪ್ರಸಿದ್ಧ.

ಯುನಿಕ್ಸ್‌ನ ವಿಶೇಷ ಇಷ್ಟು. ಡಾಸ್ ಮತ್ತು ವಿಂಡೋಸ್ ಬಳಸಿದವರಿಗೆ ‘ಎ’ ಡ್ರೈವ್, ‘ಸಿ’ ಡ್ರೈವ್ ಎಂಬ ಲೆಕ್ಕ ಗೊತ್ತು. ಪ್ರತಿ ಡಿಸ್ಕಿಗೂ ಒಂದು ಅಕ್ಷರ, ಪ್ರತಿಯೊಂದೂ ಬೇರೆ ಬೇರೆ ಮನೆ. ಯುನಿಕ್ಸ್ ಹಾಗಲ್ಲ. ಅಲ್ಲಿರುವುದು ಒಂದೇ ಮರ. ಬೇರಿನಿಂದ ಹೊರಟು ಕೊಂಬೆ, ರೆಂಬೆ ಹಿಡಿದು ಹೋದರೆ ಯಾವ ಕಡತವಾದರೂ ಸಿಗಬೇಕು. ಹೊಸ ಡಿಸ್ಕ್ ಬಂದರೆ ಅದನ್ನು ಈ ಮರದ ಯಾವುದಾದರೂ ಒಂದು ಕೊಂಬೆಗೆ ಕಸಿ ಕಟ್ಟಬೇಕು. ಕಸಿ ಕಟ್ಟುವುದೇ ಮೌಂಟ್. ಕಟ್ಟದ ಹೊರತು ಡಿಸ್ಕ್ ಯಂತ್ರದೊಳಗೆ ಇದ್ದರೂ ಬಳಕೆದಾರನ ಪಾಲಿಗೆ ಇಲ್ಲ.

1974ರಲ್ಲಿ ರಿಚಿ ಮತ್ತು ಥಾಂಪ್ಸನ್ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ತೆಗೆದಿಡಬಹುದಾದ ಡಿಸ್ಕುಗಳಿಗಾಗಿಯೇ ಒಂದು ಭಾಗವಿದೆ. ಆಗ ಅವರ ಬಳಿ ಇದ್ದದ್ದು ಹತ್ತು ಲಕ್ಷ ಅಕ್ಷರ ಹಿಡಿಯುವ ಒಂದು ಸ್ಥಿರ ಡಿಸ್ಕ್, ತಲಾ 25 ಲಕ್ಷ ಅಕ್ಷರದ ನಾಲ್ಕು ಸಣ್ಣ ಡ್ರೈವ್‌ಗಳು, ನಾಲ್ಕು ಕೋಟಿ ಅಕ್ಷರದ ಒಂದು ದೊಡ್ಡ ಡ್ರೈವ್. ಮರದ ಬೇರು ಸ್ಥಿರ ಡಿಸ್ಕಿನಲ್ಲಿ. ಬಳಕೆದಾರರ ಕಡತಗಳೆಲ್ಲ ದೊಡ್ಡ ಡಿಸ್ಕಿನಲ್ಲಿ. ಯಂತ್ರ ಶುರುವಾದಾಗ ಅದನ್ನು ಕಸಿ ಕಟ್ಟುತ್ತಿದ್ದರು. ಇವತ್ತಿನ ಲಿನಕ್ಸ್ ಕಂಪ್ಯೂಟರ್ ಬೆಳಿಗ್ಗೆ ಎದ್ದಾಗ ಮಾಡುವುದೂ ಇದನ್ನೇ. ಯಾವ ಡಿಸ್ಕನ್ನು ಯಾವ ಕೊಂಬೆಗೆ ಕಟ್ಟಬೇಕೆಂಬ ಪಟ್ಟಿ ‘ಎಫ್‌ಎಸ್‌ಟ್ಯಾಬ್’ ಎಂಬ ಕಡತದಲ್ಲಿರುತ್ತದೆ. ಅದರಲ್ಲಿ ಒಂದು ಸಾಲು ತಪ್ಪಿದರೆ ಯಂತ್ರ ಅರ್ಧದಲ್ಲೇ ನಿಂತು ಬಿಡಬಹುದು.

ಇನ್ನೊಂದು ಗುಟ್ಟೂ ಇದೆ. ಯುನಿಕ್ಸ್ ನೀವು ಬರೆದದ್ದನ್ನು ಆ ಕ್ಷಣವೇ ಡಿಸ್ಕಿಗೆ ಇಳಿಸುವುದಿಲ್ಲ. ಡಿಸ್ಕ್ ನಿಧಾನ, ನೆನಪಿನ ಕೋಶ ಚುರುಕು. ಆದ್ದರಿಂದ ನೆನಪಿನಲ್ಲಿ ಕೂಡಿಟ್ಟುಕೊಂಡು, ಬಿಡುವಾದಾಗ ಒಟ್ಟಿಗೆ ಇಳಿಸುತ್ತದೆ. ಕಿರಾಣಿ ಅಂಗಡಿಯವರು ಚೀಟಿಯಲ್ಲಿ ಗುರುತು ಹಾಕಿಕೊಂಡು ರಾತ್ರಿ ಖಾತೆಗೆ ಏರಿಸುವಂತೆ. ಚೀಟಿ ಖಾತೆಗೆ ಏರುವ ಮೊದಲೇ ಖಾತೆ ಪುಸ್ತಕವನ್ನು ಯಾರಾದರೂ ಎತ್ತಿಕೊಂಡು ಹೋದರೆ? ‘ಯುಮೌಂಟ್’ ಮಾಡದೆ ಫ್ಲಾಪಿ ಎಳೆದರೆ ಆಗುತ್ತಿದ್ದುದು ಅದೇ. ಡಾಸ್‌ನಲ್ಲಿ ಪಳಗಿದ ಕೈಗಳು ದೀಪ ಆರಿತೆಂದು ಫ್ಲಾಪಿ ಎಳೆದುಕೊಂಡು ಮನೆಗೆ ಹೋಗುತ್ತಿದ್ದವು; ಮರುದಿನ ಕಡತ ಅರ್ಧಂಬರ್ಧ. ಸಿ.ಡಿ.ಯ ವಿಷಯದಲ್ಲಿ ಯುನಿಕ್ಸ್ ಬಾಗಿಲನ್ನೇ ಹಾಕಿ ಬಿಡುತ್ತದೆ. ಮೌಂಟ್ ಆಗಿರುವ ತನಕ ಡ್ರೈವಿನ ಗುಂಡಿ ಎಷ್ಟು ಒತ್ತಿದರೂ ತಟ್ಟೆ ಹೊರಬಾರದು. ಡ್ರೈವ್ ಕೆಟ್ಟಿದೆಯೆಂದು ಅಂಗಡಿಗೆ ಹೊತ್ತೊಯ್ದವರಿದ್ದಾರೆ. ಕಿಟಕಿಯೊಂದು ಆ ಸಿ.ಡಿ.ಯ ಕಡತಕೋಶವನ್ನು ತೆರೆದು ಕೂತಿದ್ದರೂ ಸಾಕು, ‘ಡಿವೈಸ್ ಬ್ಯುಸಿ’ ಎಂಬ ಉತ್ತರ ಬರುತ್ತದೆ. ಕಿಟಕಿ ಮುಚ್ಚಿದರೆ ಮುಗಿಯಿತು. ಯಾವ ಕಾರ್ಯಕ್ರಮ ಹಿಡಿದು ಕೂತಿದೆ ಎಂದು ಹೇಳುವ ‘ಎಲ್‌ಸಾಫ್’ ಎಂಬ ಆಜ್ಞೆಯೂ ಇದೆ.

ಮೌಂಟ್‌ಗೆ ಕನ್ನಡದಲ್ಲಿ ಏನನ್ನೋಣ? ‘ಏರಿಸು’ ಎನ್ನಬಹುದು, ‘ಆರೋಹಿಸು’ ಎಂದರೆ ಬೆಟ್ಟ ಹತ್ತಿದಂತೆ ಕೇಳುತ್ತದೆ. ಗಾಡಿಗೆ ಎತ್ತು ಹೂಡುವುದು, ಎತ್ತು ಬಿಚ್ಚುವುದು ಎಂಬ ಹಳ್ಳಿಯ ಜೋಡಿ ಮಾತು ಈ ಕೆಲಸಕ್ಕೆ ಹೆಚ್ಚು ಹತ್ತಿರ. ಹೂಡದೆ ಗಾಡಿ ಹೊರಡದು, ಬಿಚ್ಚದೆ ಎತ್ತನ್ನು ಎಳೆದರೆ ನೊಗವೇ ಮುರಿಯುತ್ತದೆ.

ಪಶ್ಚಿಮ ಬೆಂಗಳೂರಿಗೆ ಬಂದ ಬಗೆ

ಭಾರತಕ್ಕೆ ಯುನಿಕ್ಸ್ ದೊಡ್ಡ ಪ್ರಮಾಣದಲ್ಲಿ ಬಂದದ್ದು ಬ್ಯಾಂಕುಗಳ ಬಾಗಿಲಿನಿಂದ. ರಿಸರ್ವ್ ಬ್ಯಾಂಕಿನ ಅಂದಿನ ಡೆಪ್ಯುಟಿ ಗವರ್ನರ್ ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿ 1984ರಲ್ಲಿ ಬ್ಯಾಂಕುಗಳ ಯಾಂತ್ರೀಕರಣದ ವರದಿ ಕೊಟ್ಟಿತು. ಯುನಿಕ್ಸನ್ನು ಮಾದರಿಯಾಗಿ ಇಟ್ಟುಕೊಳ್ಳಲು ಆ ಹೊತ್ತಿನಲ್ಲಿ ತೀರ್ಮಾನವಾದದ್ದು ದೇಶದ ಕಂಪ್ಯೂಟರ್ ಉದ್ಯಮದ ದಿಕ್ಕನ್ನೇ ತಿರುಗಿಸಿತು ಎನ್ನಬೇಕು. ಬೆಂಗಳೂರಿನ ಕಂಪನಿಗಳು ಯುನಿಕ್ಸ್ ಕಲಿತವು. ಹೊರದೇಶಗಳ ಕೆಲಸ ಹುಡುಕಿಕೊಂಡು ಬಂದಾಗ ಆ ಕಲಿಕೆ ಕೈಹಿಡಿಯಿತು.

ಮನೆಗಳಿಗೆ ಬಂದ ಕಥೆಯೇ ಬೇರೆ. ಮೈಸೂರು ರಸ್ತೆಯ ಉದ್ದಕ್ಕೂ ಎಂಜಿನಿಯರಿಂಗ್ ಕಾಲೇಜುಗಳು ಸಾಲುಗಟ್ಟಿದ್ದವು. ಆರ್.ವಿ. ಕಾಲೇಜು 1963ರಷ್ಟು ಹಳೆಯದು. ಕೆಂಗೇರಿ–ಉತ್ತರಹಳ್ಳಿ ರಸ್ತೆಯಲ್ಲಿ ಜೆಎಸ್‌ಎಸ್ ಸಂಸ್ಥೆಯ ಕಾಲೇಜು 1997ರಲ್ಲಿ ಆರಂಭವಾಯಿತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಯುನಿಕ್ಸ್ ಮತ್ತು ಶೆಲ್ ಪ್ರೋಗ್ರಾಮಿಂಗ್ ಒಂದು ಪಠ್ಯ ವಿಷಯವೇ ಆಯಿತು. ಸುಮಿತಾಭ ದಾಸ್ ಅವರ ದಪ್ಪ ಪುಸ್ತಕ ಹಿಡಿದು ಕೆಂಗೇರಿ ಬಸ್ಸಿನಲ್ಲಿ ನಿಂತು ಓದುತ್ತಿದ್ದ ವಿದ್ಯಾರ್ಥಿಗಳಿಗೆ ಲ್ಯಾಬಿನಾಚೆ ಅಭ್ಯಾಸ ಮಾಡಲು ಒಂದು ಯುನಿಕ್ಸ್ ಬೇಕಿತ್ತು. ನಿಜವಾದ ಯುನಿಕ್ಸ್ ಮಾಮೂಲಿ ಕಿಸೆಗೆ ನಿಲುಕುವಂಥದಲ್ಲ. ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್‌ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಮಾತ್ರ ಉಚಿತ.

ಉಚಿತವಾದರೂ ತರುವುದು ಹೇಗೆ? ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡಲಾರಂಭಿಸಿದ್ದು 1995ರ ಆಗಸ್ಟ್ 15ರಂದು. ಸೆಕೆಂಡಿಗೆ 28,800 ಬಿಟ್‌ಗಳ ಮೋಡೆಮ್ ಪೂರ್ಣ ವೇಗದಲ್ಲಿ ಓಡಿದರೂ, ಒಂದು ಸಿ.ಡಿ.ಯಷ್ಟು ಮಾಹಿತಿ ಇಳಿಸಿಕೊಳ್ಳಲು ಎರಡು ದಿನಕ್ಕೂ ಹೆಚ್ಚು ಕಾಲ ಫೋನನ್ನು ಕೆಳಗಿಡದೆ ಹಿಡಿದಿರಬೇಕಿತ್ತು. ದಾರಿ ತೋರಿದ್ದು ಒಂದು ಪತ್ರಿಕೆ. 1996ರಿಂದ ‘ಪಿಸಿ ಕ್ವೆಸ್ಟ್’ ತನ್ನ ಸಂಚಿಕೆಯ ಜೊತೆ ಲಿನಕ್ಸ್ ಸಿ.ಡಿ. ಹಂಚಲು ತೊಡಗಿತು. ಇದರ ಹಿಂದಿದ್ದವರಲ್ಲಿ ಪ್ರಮುಖರು ಬೆಂಗಳೂರಿನಲ್ಲಿ ನೆಲೆಸಿದ್ದ ಅತುಲ್ ಚಿಟ್ನಿಸ್. ಮುಂದೆ 2001ರಲ್ಲಿ ಆರಂಭವಾದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನದ ರೂವಾರಿಗಳಲ್ಲಿಯೂ ಅವರು ಒಬ್ಬರು. 2013ರಲ್ಲಿ ತೀರಿಕೊಂಡರು. ನಗರದ ಎಷ್ಟೋ ಮನೆಗಳಿಗೆ ಲಿನಕ್ಸ್ ಕಾಲಿಟ್ಟದ್ದು ಆ ಪತ್ರಿಕೆಯ ಸಿ.ಡಿ.ಯಲ್ಲಿ.

ಮತ್ತು ಎಷ್ಟೋ ಮನೆಗಳಲ್ಲಿ ಅದು ಮೊದಲ ಮೆಟ್ಟಿಲಲ್ಲೇ ಎಡವಿತು. ಕೈಪಿಡಿಯಲ್ಲಿ ಸಿ.ಡಿ. ಡ್ರೈವಿನ ಹೆಸರು ‘ಎಚ್‌ಡಿಸಿ’ ಎಂದಿರುತ್ತಿತ್ತು. ಎಂದರೆ ಎರಡನೆಯ ಕೇಬಲ್ಲಿನ ಮೊದಲ ಸ್ಥಾನ. ಆದರೆ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿಕೊಟ್ಟ ಹುಡುಗ ಎರಡನೆಯ ಕೇಬಲ್ ಉಳಿಸಲು ಹಾರ್ಡ್ ಡಿಸ್ಕಿನ ಕೇಬಲ್ಲಿಗೇ ಸಿ.ಡಿ. ಡ್ರೈವನ್ನೂ ಸಿಕ್ಕಿಸಿದ್ದರೆ ಅದರ ಹೆಸರು ‘ಎಚ್‌ಡಿಬಿ’. ಅದಕ್ಕೂ ಹಿಂದಿನ ಡ್ರೈವ್‌ಗಳ ಪಾಡು ಇನ್ನೂ ಕಷ್ಟ. ಮಿತ್ಸುಮಿ, ಸೋನಿ, ಪ್ಯಾನಸೋನಿಕ್ ಒಂದೊಂದಕ್ಕೂ ಬೇರೆ ಬೇರೆ ಜೋಡಣೆ, ಬೇರೆ ಬೇರೆ ಚಾಲಕ ತಂತ್ರಾಂಶ. ಆ ಚಾಲಕ ಎಲ್ಲಿರುತ್ತದೆ? ಸಿ.ಡಿ.ಯಲ್ಲಿ. ಸಿ.ಡಿ. ಓದಲು ಏನು ಬೇಕು? ಚಾಲಕ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅದಕ್ಕೇ ಫ್ಲಾಪಿಯೊಂದರಲ್ಲಿ ಸೂಕ್ತ ಚಾಲಕವಿರುವ ಸಣ್ಣ ಲಿನಕ್ಸನ್ನು ಇಳಿಸಿಕೊಂಡು, ಅದರಿಂದ ಯಂತ್ರ ಎಬ್ಬಿಸಿ, ಆಮೇಲೆ ಸಿ.ಡಿ.ಯನ್ನು ಮೌಂಟ್ ಮಾಡುವ ದಾರಿ ಇತ್ತು.

ಈ ತಾಪತ್ರಯ ಮುಂದೆ ಕಡಿಮೆಯಾಯಿತು. ತಟ್ಟೆ ಹಾಕಿದೊಡನೆ ತಾನೇ ಗುರುತಿಸಿ ಮೌಂಟ್ ಮಾಡುವ ವ್ಯವಸ್ಥೆ ಸನ್ ಕಂಪನಿಯ ಸೊಲಾರಿಸ್‌ನಲ್ಲಿ 1993ರ ಸುಮಾರಿಗೇ ಇತ್ತು. ಲಿನಕ್ಸ್‌ನಲ್ಲಿ ಅದು ಚೆನ್ನಾಗಿ ನೆಲೆಗೊಳ್ಳಲು ಹೊಸ ಶತಮಾನವೇ ಬರಬೇಕಾಯಿತು. 2004ರಲ್ಲಿ ಬಂದ ಉಬುಂಟು ತನ್ನ ಸಿ.ಡಿ.ಗಳನ್ನು ಕೇಳಿದವರ ಮನೆಗೇ ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿತ್ತು. 2011ರಲ್ಲಿ ಅದು ನಿಂತಿತು. ‘ಎಚ್‌ಡಿಸಿ’ ಹೋಗಿ ‘ಎಸ್‌ಆರ್0’ ಬಂತು. ಮೌಂಟ್ ಎಂಬ ಮಾತನ್ನೇ ಕೇಳದೆ ಲಿನಕ್ಸ್ ಬಳಸುವ ತಲೆಮಾರು ಬೆಳೆಯಿತು. ಹೀಗಾಗಿ ಕೆಟ್ಟಾಗ ಏನು ಮಾಡಬೇಕೆಂದೂ ಅದಕ್ಕೆ ಗೊತ್ತಿಲ್ಲ. ಸ್ವಯಂಚಾಲಿತ ಬಾಗಿಲು ನಿಂತುಹೋದರೆ ಅದಕ್ಕೂ ಒಂದು ಹಿಡಿಕೆ ಇದೆ ಎಂಬುದನ್ನು ಮರೆತವರ ಸ್ಥಿತಿ.

ಕೆಟ್ಟದ್ದು ಯಾವುದು?

ಪರದೆಯ ಮೇಲೆ ಬರುವ ದೂರು ಸಾಮಾನ್ಯವಾಗಿ ಒಂದೇ ವಾಕ್ಯ. ಕಡತ ವ್ಯವಸ್ಥೆಯ ಬಗೆ ತಪ್ಪಿರಬಹುದು, ಆಯ್ಕೆ ತಪ್ಪಿರಬಹುದು, ಡಿಸ್ಕಿನ ಮೊದಲ ಗುರುತಿನ ತುಣುಕೇ ಕೆಟ್ಟಿರಬಹುದು, ಇನ್ನೇನೋ ಇರಬಹುದು ಎಂದು ಎಲ್ಲವನ್ನೂ ಒಟ್ಟಿಗೆ ಹೇಳುತ್ತದೆ. ಮಗುವಿಗೆ ಅಜೀರ್ಣವೋ, ನೆಗಡಿಯೋ, ದೃಷ್ಟಿಯೋ ಇರಬೇಕು ಎಂದಂತೆ. ಇದನ್ನು ನೋಡಿ ಗಾಬರಿಯಾಗುವ ಬದಲು ಹೊರಗಿನಿಂದ ಒಳಕ್ಕೆ ಒಂದೊಂದೇ ಹೆಜ್ಜೆ ಹೋಗುವುದು ಅನುಭವಿಗಳ ಕ್ರಮ.

ಮೊದಲ ಪ್ರಶ್ನೆ, ಯಂತ್ರಕ್ಕೆ ಡ್ರೈವ್ ಕಂಡಿದೆಯೇ? ‘ಡಿಮೆಸೇಜ್’ ಎಂಬ ಆಜ್ಞೆ ಯಂತ್ರಾಂಶದ ದಿನಚರಿಯನ್ನು ತೋರಿಸುತ್ತದೆ. ಅಲ್ಲಿ ಡ್ರೈವಿನ ಹೆಸರೇ ಇಲ್ಲವಾದರೆ ತಟ್ಟೆಯನ್ನು ದೂರಿ ಫಲವಿಲ್ಲ. ಕೇಬಲ್ಲನ್ನೋ ವಿದ್ಯುತ್ತನ್ನೋ ನೋಡಬೇಕು. ಹೆಸರಿದ್ದು, ‘ತಟ್ಟೆ ಇಲ್ಲ’ ಎಂದರೆ ಮಸೂರದ ಮೇಲೆ ದೂಳು ಕೂತಿರಬಹುದು. ತಟ್ಟೆ ಕಂಡು ಓದುವಾಗ ದೋಷ ಬರುತ್ತಿದ್ದರೆ ಗೀರು, ಅಥವಾ ಮುಪ್ಪು. ಮನೆಯಲ್ಲಿ ಬರೆದ ಸಿ.ಡಿ.ಯಲ್ಲಿ ಮಾಹಿತಿ ಇರುವುದು ಬಣ್ಣದ ಒಂದು ತೆಳು ಪದರದಲ್ಲಿ. ಅದು ಬಿಸಿಲು, ತೇವಕ್ಕೆ ಮಾಸುತ್ತದೆ. ಹೊಳೆಯುವ ತಳಭಾಗವನ್ನು ಜೋಪಾನ ಮಾಡುವವರು ಬಹಳ. ಆದರೆ ಪ್ರತಿಫಲಿಸುವ ಪದರ ಇರುವುದು ಹೆಸರು ಬರೆಯುವ ಮೇಲ್ಭಾಗದ ಮೆರುಗೆಣ್ಣೆಯ ಕೆಳಗೇ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದ ‘ಫೈನಲ್’ ಎಂಬ ಪದವೇ ಫೈನಲ್ ಆಗಿ ಬಿಡುವುದುಂಟು.

ಡ್ರೈವ್ ಸರಿ, ತಟ್ಟೆಯೂ ಸರಿ, ಆದರೂ ಮೌಂಟ್ ಆಗದ ಪ್ರಸಂಗಗಳೇ ಹೆಚ್ಚು ಸ್ವಾರಸ್ಯದವು. ಡಾ. ರಾಜ್‌ಕುಮಾರ್ ಭಕ್ತಿಗೀತೆಗಳ ಸಿ.ಡಿ.ಯನ್ನು ಮೌಂಟ್ ಮಾಡಹೋದರೆ ಅದು ಎಂದಿಗೂ ಆಗದು. ಹಾಡಿನ ಸಿ.ಡಿ.ಯಲ್ಲಿ ಕಡತಗಳೇ ಇಲ್ಲ. ಗ್ರಾಮಫೋನ್ ತಟ್ಟೆಯಂತೆ ಬರೇ ನಾದದ ಸುರುಳಿ. ಅದನ್ನು ನೇರವಾಗಿ ನುಡಿಸಬೇಕು.

ಮದುವೆಯ ವಿ.ಸಿ.ಡಿ.ಗಳದು ಇನ್ನೊಂದು ಬಗೆ. ತೊಂಬತ್ತರ ದಶಕದ ಕೊನೆಯಿಂದ ಡಿವಿಡಿ ಬರುವ ತನಕ ಬಸವೇಶ್ವರನಗರದಿಂದ ಕೆಂಗೇರಿಯವರೆಗೆ ಯಾವ ಸ್ಟುಡಿಯೊ ಮದುವೆ ಚಿತ್ರೀಕರಿಸಿದರೂ ಕೈಗೆ ಕೊಡುತ್ತಿದ್ದುದು ಎರಡು ಅಥವಾ ಮೂರು ವಿ.ಸಿ.ಡಿ. ಇವು ಲಿನಕ್ಸ್‌ನಲ್ಲಿ ಸಲೀಸಾಗಿ ಮೌಂಟ್ ಆಗುತ್ತವೆ. ದೊಡ್ಡದೊಂದು ಕಡತದ ಹೆಸರೂ ಕಾಣುತ್ತದೆ. ನಕಲು ಮಾಡಹೋದರೆ ಮಾತ್ರ ‘ಓದುವಲ್ಲಿ ದೋಷ’ ಎಂಬ ಉತ್ತರ. ತಟ್ಟೆ ಸತ್ತಿತೆಂದೇ ಎಲ್ಲರೂ ತಿಳಿಯುತ್ತಾರೆ. ಸಂಗತಿ ಹಾಗಲ್ಲ. ಒಂದೇ ತಟ್ಟೆಯಲ್ಲಿ ಹೆಚ್ಚು ಹೊತ್ತಿನ ಚಿತ್ರ ಹಿಡಿಸಲೆಂದು ವಿ.ಸಿ.ಡಿ. ರೂಪಿಸಿದವರು ತಪ್ಪು ತಿದ್ದುವ ಸಂಕೇತಗಳನ್ನು ಬಿಟ್ಟು, ಆ ಜಾಗವನ್ನೂ ಚಿತ್ರಕ್ಕೆ ಕೊಟ್ಟರು. ಹೀಗಾಗಿ ಅದರ ತುಣುಕಿನ ಅಳತೆ ಮಾಮೂಲಿನ 2048ರ ಬದಲು 2324. ಲಿನಕ್ಸ್‌ನ ಕಡತ ವ್ಯವಸ್ಥೆ ಮಾಮೂಲಿ ಅಳತೆಯ ಸೇರು ಹಿಡಿದು ಅಳೆಯಹೋಗಿ ಸೋಲುತ್ತದೆ. ಮೌಂಟ್ ಮಾಡದೆ, ತಟ್ಟೆಯನ್ನು ನೇರವಾಗಿ ಓದುವ ಚಲನಚಿತ್ರ ತಂತ್ರಾಂಶದಲ್ಲಿ ಅದೇ ವಿ.ಸಿ.ಡಿ. ಓಡುತ್ತದೆ. ‘ವಿಸಿಡಿಎಕ್ಸ್‌ರಿಪ್’ ಎಂಬ ಉಚಿತ ಸಲಕರಣೆಯಿಂದ ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲೂಬಹುದು. ಈ ಒಂದು ವಿಷಯ ತಿಳಿಯದೆ ಎಷ್ಟು ಧಾರೆ, ಎಷ್ಟು ಸಪ್ತಪದಿ ಗುಜರಿ ಸೇರಿರಬಹುದು!

ಮುದ್ರಣದವರ ಬಳಿ ಸಿಗುವ ಜಿಪ್ ಡಿಸ್ಕಿನ ಒಗಟೂ ಹೀಗೆಯೇ. 1994ರಲ್ಲಿ ಬಂದ ಈ ದಪ್ಪ ಡಿಸ್ಕ್ ನೂರು ಮೆಗಾಬೈಟ್ ಹಿಡಿಯುತ್ತಿತ್ತು. ಪುಟವಿನ್ಯಾಸ ಮಾಡಿದವರು ಅಂಗಡಿಯಿಂದ ಪ್ರೆಸ್ಸಿಗೆ ಇದನ್ನೇ ಒಯ್ಯುತ್ತಿದ್ದರು. ಡಿಸ್ಕಿನ ಮೊದಲ ವಿಭಾಗವನ್ನು ಮೌಂಟ್ ಮಾಡುವುದು ರೂಢಿ. ಜಿಪ್‌ನಲ್ಲಿ ಕಾರ್ಖಾನೆಯಿಂದಲೇ ಮಾಹಿತಿ ಇರುವುದು ನಾಲ್ಕನೆಯ ವಿಭಾಗದಲ್ಲಿ. ಒಂದರ ಬದಲು ನಾಲ್ಕು ಎಂದು ಬರೆದರೆ ಬಾಗಿಲು ತೆರೆಯುತ್ತದೆ. ಆದರೆ ಹಳೆಯ ಮ್ಯಾಕಿಂಟಾಷ್‌ನ 800 ಕಿಲೋಬೈಟ್ ಫ್ಲಾಪಿ ಸಿಕ್ಕಿದರೆ ಯಾವ ಆಜ್ಞೆಯೂ ನೆರವಿಗೆ ಬಾರದು. ಅವನ್ನು ಬರೆದ ಡ್ರೈವ್ ಒಳಗಿನ ಸುತ್ತಿಗೊಂದು, ಹೊರಗಿನ ಸುತ್ತಿಗೊಂದು ವೇಗದಲ್ಲಿ ತಿರುಗುತ್ತಿತ್ತು, ಮಾಮೂಲಿ ಪಿ.ಸಿ.ಯ ಫ್ಲಾಪಿ ಡ್ರೈವಿಗೆ ಆ ಚಾತುರ್ಯವಿಲ್ಲ.

ಸಿ.ಡಿ.ಯಿಲ್ಲದ ಇಂದಿನವರಿಗೂ ಮೌಂಟ್ ಕಾಟ ತಪ್ಪಿಲ್ಲ. ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡವರು ಲಿನಕ್ಸ್‌ಗೆ ಬಂದಾಗ ವಿಂಡೋಸ್‌ನ ವಿಭಾಗ ತೆರೆಯುವುದಿಲ್ಲ, ಅಥವಾ ಓದಲಷ್ಟೇ ಬಿಡುತ್ತದೆ. 2012ರ ವಿಂಡೋಸ್ 8ರಿಂದ ‘ಶಟ್‌ಡೌನ್’ ಎಂದರೂ ಅದು ಪೂರ್ತಿ ಆರುವುದಿಲ್ಲ. ಬೇಗ ಏಳಲೆಂದು ಅರೆನಿದ್ದೆಗೆ ಜಾರುತ್ತದೆ. ಮಲಗಿದವನ ಹಾಸಿಗೆ ಸುತ್ತಲು ಲಿನಕ್ಸ್ ಒಪ್ಪದು. ವಿಂಡೋಸ್‌ನಲ್ಲಿ ಈ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯ ನಿಲ್ಲಿಸಿದರೆ ಸರಿಯಾಗುತ್ತದೆ. ಬಲವಂತದಿಂದ ಮೌಂಟ್ ಮಾಡುವ ದಾರಿಯೂ ಇದೆ, ಆದರೆ ಕಡತ ಕಳೆದುಕೊಂಡವರಲ್ಲಿ ಅದನ್ನು ತುಳಿದವರೇ ಬಹಳ.

ಪ್ರಶ್ನಾರ್ಥಕ ಚಿಹ್ನೆಗಳ ಕನ್ನಡ

ಕನ್ನಡದ ತಟ್ಟೆಗಳಿಗೆ ಇನ್ನೂ ಒಂದು ಬಾಗಿಲು ದಾಟುವ ಪಾಡಿದೆ. ಸಿ.ಡಿ.ಯಲ್ಲಿ ಕಡತಗಳನ್ನು ಹೇಗೆ ಜೋಡಿಸಬೇಕೆಂದು ಚರ್ಚಿಸಲು 1985ರಲ್ಲಿ ಹಲವು ಕಂಪನಿಗಳವರು ಸೇರಿದ್ದು ಹೈ ಸಿಯೆರಾ ಎಂಬ ಹೋಟೆಲಿನಲ್ಲಿ. ಅಲ್ಲಿ ಹುಟ್ಟಿದ ಕ್ರಮವೇ 1988ರಲ್ಲಿ ಐಎಸ್‌ಒ 9660 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ಮೂಲ ರೂಪದಲ್ಲಿ ಹೆಸರಿಗೆ ಎಂಟು ಅಕ್ಷರ, ಬಾಲಕ್ಕೆ ಮೂರು. ಅದೂ ಇಂಗ್ಲಿಷಿನ ದೊಡ್ಡ ಅಕ್ಷರ. ಯುನಿಕ್ಸ್‌ನವರು ಉದ್ದ ಹೆಸರಿಗಾಗಿ ‘ರಾಕ್ ರಿಜ್’ ಎಂಬ ಸೇರ್ಪಡೆ ಮಾಡಿಕೊಂಡರೆ, ಮೈಕ್ರೋಸಾಫ್ಟ್ 1995ರಲ್ಲಿ ‘ಜೋಲಿಯೆಟ್’ ತಂದಿತು. ಜೋಲಿಯೆಟ್‌ನಲ್ಲಿ ಯುನಿಕೋಡ್ ಹೆಸರುಗಳಿಗೆ ಅವಕಾಶವಿತ್ತು. ಎಂದರೆ ಕನ್ನಡದಲ್ಲೇ ‘ಮುನ್ನುಡಿ’ ಎಂದು ಕಡತಕ್ಕೆ ಹೆಸರಿಡಬಹುದು. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಹಾಗೆ ಇಟ್ಟವರಿದ್ದಾರೆ. ಆ ತಟ್ಟೆಯನ್ನು ಹಳೆಯ ಲಿನಕ್ಸ್‌ನಲ್ಲಿ ಹಾಕಿದರೆ ಹೆಸರಿನ ಜಾಗದಲ್ಲಿ ಬರೇ ಪ್ರಶ್ನಾರ್ಥಕ ಚಿಹ್ನೆಗಳ ಸಾಲು! ಮೌಂಟ್ ಮಾಡುವಾಗ ‘ಯುಟಿಎಫ್8’ ಎಂಬ ಆಯ್ಕೆ ಕೊಟ್ಟರೆ ‘ಮುನ್ನುಡಿ’ ಮರಳಿ ಮುನ್ನುಡಿಯಾಗುತ್ತದೆ. ಒಂದು ಪದದ ಕೊರತೆಯಷ್ಟೇ.

ಹೆಸರು ಓದಿತು, ಕಡತ ತೆರೆಯಿತು. ಒಳಗೆ ಏನಿದೆ? ಇಂಗ್ಲಿಷ್ ಅಕ್ಷರ, ವಿಚಿತ್ರ ಚಿಹ್ನೆಗಳ ಕಲಸುಮೇಲೋಗರ. 1991ರ ಮೊದಲ ಯುನಿಕೋಡ್‌ನಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿದ್ದರೂ ಡಿಟಿಪಿ ಅಂಗಡಿಗಳಲ್ಲಿ ಆಳಿದ್ದು ಶ್ರೀಲಿಪಿ, ಆಕೃತಿ, ಬರಹ, ನುಡಿಗಳ ಫಾಂಟುಗಳು. ಅವು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಕಾಗುಣಿತದ ಕೊಂಬಿಗೊಂದು ಸಂಖ್ಯೆ, ದೀರ್ಘಕ್ಕೊಂದು, ಒತ್ತಕ್ಷರಕ್ಕೊಂದು. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ. ಮೊಳೆ ಅಕ್ಷರಗಳನ್ನು ಸೀಸದ ಬೆಲೆಗೆ ಮಾರಿದ ಮೇಲೆ ಸಣ್ಣ ಪ್ರಕಾಶಕರ ಪಾಲಿಗೆ ಈ ಕಡತಗಳೇ ಮೊಳೆಗಳು. ಮರುಮುದ್ರಣ ಬೇಕೆಂದರೆ ಕಡತ ತೆರೆಯಬೇಕು, ಇಲ್ಲವೇ ಇಡೀ ಪುಸ್ತಕವನ್ನು ಮತ್ತೆ ಕೀಲಿಸಬೇಕು. ಪ್ರಕಟವಾದ ಪುಸ್ತಕದ ಪ್ರತಿಯಾದರೂ ಹಂಪಿನಗರದ ಗ್ರಂಥಾಲಯದಲ್ಲೋ ಯಾರದೋ ಕಪಾಟಿನಲ್ಲೋ ಸಿಕ್ಕೀತು. ಅಚ್ಚಾಗದೆ ಉಳಿದ ಪ್ರಬಂಧ, ನಾಟಕ ತಂಡದ ಕೈಬರಹದಿಂದ ಟೈಪಾದ ರಂಗಪ್ರತಿ, ಬಡಾವಣೆ ಸಂಘದ ವರದಿಗಳಿಗೆ ಎರಡನೆಯ ಪ್ರತಿಯೇ ಇಲ್ಲ.

ಹಳೆಯ ಫಾಂಟಿನ ಪಠ್ಯವನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಹವ್ಯಾಸಿ ತಂತ್ರಜ್ಞರೇ ರೂಪಿಸಿ ಉಚಿತವಾಗಿ ಕೊಟ್ಟಿದ್ದಾರೆ. ಅವು ಬಹುಮಟ್ಟಿಗೆ ಕೆಲಸ ಮಾಡುತ್ತವೆ. ಎಡವುವುದು ಹೆಚ್ಚಾಗಿ ಅರ್ಕಾವತ್ತಿನಲ್ಲಿ. ‘ಸೂರ್ಯ’ ಎಂದು ಬರೆಯುವಾಗ ಕಣ್ಣಿಗೆ ‘ಯ’ ಮೊದಲು, ಅರ್ಕಾವತ್ತು ಆಮೇಲೆ. ಹಳೆಯ ಫಾಂಟು ಕಣ್ಣಿಗೆ ಕಂಡಂತೆಯೇ ಕೂಡಿಟ್ಟಿತು. ಯುನಿಕೋಡ್ ಉಚ್ಚಾರವನ್ನು ಅನುಸರಿಸುತ್ತದೆ; ಅಲ್ಲಿ ‘ರ’ಕಾರವೇ ಮೊದಲು. ಪರಿವರ್ತಕ ಹಿಂದುಮುಂದು ಮಾಡಿದರೆ ಪದ ಕೆಡುತ್ತದೆ.

ಡಬ್ಬ ಸಿಕ್ಕವರು ಮಾಡಬೇಕಾದ ಮೊದಲ ಕೆಲಸ ತಟ್ಟೆಯನ್ನು ಮತ್ತೆ ಮತ್ತೆ ಹಾಕಿ ತೆಗೆದು ನೋಡುವುದಲ್ಲ, ಅದರ ಪೂರ್ತಿ ಪಡಿಯಚ್ಚು ತೆಗೆಯುವುದು. ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶ ಮೊದಲು ಸುಲಭವಾಗಿ ಓದಿದ ಭಾಗಗಳನ್ನೆಲ್ಲ ಬಾಚಿಕೊಂಡು, ಆಮೇಲೆ ಮೊಂಡು ಹಿಡಿದ ಭಾಗಗಳಿಗೆ ಮರಳುತ್ತದೆ. ಎಲ್ಲಿ ನಿಂತಿತೆಂದು ಟಿಪ್ಪಣಿ ಇಟ್ಟುಕೊಳ್ಳುವುದರಿಂದ ಇನ್ನೊಂದು ಡ್ರೈವಿನಲ್ಲಿ ಅದೇ ತಟ್ಟೆ ಹಾಕಿ ಕೆಲಸ ಮುಂದುವರಿಸಬಹುದು. ಒಂದು ಡ್ರೈವ್ ಓದದ ತುಣುಕನ್ನು ಮತ್ತೊಂದು ಓದಿಬಿಡುವುದು ಅಪರೂಪವಲ್ಲ. ಆ ಪಡಿಯಚ್ಚು ಒಂದು ಕಡತ ಮಾತ್ರ. ಅದನ್ನೇ ಡಿಸ್ಕ್ ಎಂದು ಬಗೆದು ಮೌಂಟ್ ಮಾಡಲು ಲಿನಕ್ಸ್ ಒಪ್ಪುತ್ತದೆ. ಹಾಡಿನ ಸಿ.ಡಿ. ಮತ್ತು ವಿ.ಸಿ.ಡಿ.ಗಳಿಗೆ ಈ ದಾರಿ ಹೊಂದದು. ಅವಕ್ಕೆ ಅವುಗಳದೇ ಸಲಕರಣೆ ಬೇಕು. ಮಿಕ್ಕವುಗಳ ಮಟ್ಟಿಗೆ, ಪಡಿಯಚ್ಚು ಕೈಗೆ ಬಂದ ಮೇಲೆ ಮೂಲ ತಟ್ಟೆಯನ್ನು ಡಬ್ಬಕ್ಕೇ ಹಿಂತಿರುಗಿಸಿ, ಒಬ್ಬ ಕರಡು ತಿದ್ದುವವರನ್ನು ಹುಡುಕಿಕೊಂಡು ಅರ್ಕಾವತ್ತುಗಳ ಲೆಕ್ಕಕ್ಕೆ ಕೂರಬಹುದು.